0.58 ಮತ್ತು 5/8 ಒಂದೇನಾ? ಏರಿಕೆ ಕ್ರಮದಲ್ಲಿ ಮಕ್ಕಳು ಎಡವುವುದು ಎಲ್ಲಿ

ಪ್ರಶ್ನೆ: ನನ್ನ ಮಗಳು 7ನೇ ತರಗತಿಯಲ್ಲಿದ್ದಾಳೆ. ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲ ಚೆನ್ನಾಗಿಯೇ ಮಾಡುತ್ತಾಳೆ. ಆದರೆ ಮೈನಸ್ ಸಂಖ್ಯೆ, ಭಿನ್ನರಾಶಿ, ದಶಮಾಂಶ ಮೂರನ್ನೂ ಬೆರೆಸಿ ‘ಏರಿಕೆ ಕ್ರಮದಲ್ಲಿ ಬರೆಯಿರಿ’ ಅಂದರೆ ಗಲಿಬಿಲಿ ಆಗುತ್ತಾಳೆ. ಮೊನ್ನೆ ಪರೀಕ್ಷೆಯಲ್ಲಿ −3/4, 0.6, −0.8, 5/8, −1½, 0.58, −2, 1 ಕೊಟ್ಟಿದ್ದರು. ಅವಳು ಬರೆದಿದ್ದು ಹೀಗೆ: −3/4, −0.8, −1½, −2, 0.6, 0.58, 5/8, 1. ‘0.58 ಮತ್ತು 5/8 ಎರಡೂ ಒಂದೇ ಅಲ್ವಾ, ಅದಕ್ಕೇ ಪಕ್ಕಪಕ್ಕ ಬರೆದೆ’ ಅನ್ನುತ್ತಾಳೆ. ಶಾಲೆಯಲ್ಲಿ ‘ಛೇದ ಸಮ ಮಾಡಿಕೋ’ ಅಂತಾರೆ. ಅವಳ ಅಪ್ಪ ‘ಎಲ್ಲವನ್ನೂ ಕ್ಯಾಲ್ಕ್ಯುಲೇಟರ್‌ನಲ್ಲಿ ದಶಮಾಂಶ ಮಾಡಿಬಿಡು’ ಅಂತಾರೆ. ಅವಳ ಅಣ್ಣ ‘ಮೈನಸ್ ಬಂದರೆ ಎಲ್ಲ ಉಲ್ಟಾ’ ಅಂತ ಹೇಳಿಕೊಟ್ಟಿದ್ದಾನೆ. ಇದರಲ್ಲಿ ಯಾವುದು ಸರಿ? ಅವಳಿಗೆ ಗಣಿತವೇ ಹತ್ತುವುದಿಲ್ಲವೇನೋ ಅಂತ ನನಗೆ ಭಯ. ಟ್ಯೂಷನ್‌ಗೆ ಹಾಕಬೇಕಾ?

ಉತ್ತರ: ನೀವು ಬರೀ ‘ತಪ್ಪು ಮಾಡಿದಳು’ ಅಂತ ಬರೆಯದೆ ಅವಳ ಉತ್ತರವನ್ನು ಹಾಗೇ ಕಳಿಸಿದ್ದೀರಿ. ಅದು ತುಂಬ ಉಪಯೋಗಕ್ಕೆ ಬಂತು. ಆ ಸಾಲನ್ನು ನೋಡಿದರೆ ಅವಳು ಊಹೆ ಮಾಡಿ ಬರೆದಿಲ್ಲ ಅನ್ನುವುದು ಗೊತ್ತಾಗುತ್ತದೆ. ಪ್ರತಿ ತಪ್ಪಿನ ಹಿಂದೆಯೂ ಒಂದು ನಿಯಮ ಇದೆ. ಅವಳು ಆ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾಳೆ. ನಿಯಮ ತಪ್ಪು, ಯೋಚಿಸುವ ಶಕ್ತಿ ಸರಿಯಾಗಿಯೇ ಇದೆ. ಗಣಿತ ಹತ್ತದ ಮಗುವಿನ ಉತ್ತರ ಹೀಗಿರುವುದಿಲ್ಲ.

ಮೊದಲು ಸರಿಯಾದ ಉತ್ತರ ನೋಡಿಬಿಡೋಣ: −2, −1½, −0.8, −3/4, 0.58, 0.6, 5/8, 1. ಈಗ ಅವಳ ಸಾಲನ್ನು ಇದರ ಪಕ್ಕ ಇಡಿ. ಮೈನಸ್ ಸಂಖ್ಯೆಗಳೆಲ್ಲ ಪ್ಲಸ್ ಸಂಖ್ಯೆಗಳಿಗಿಂತ ಮೊದಲು ಬಂದಿವೆ. ಇದು ಸರಿ. ಮೈನಸ್ ನಾಲ್ಕೂ ತಲೆಕೆಳಗಾಗಿವೆ. ಆದರೆ ಪೂರ್ತಿ ತಲೆಕೆಳಗಾಗಿವೆ ಅನ್ನುವುದನ್ನು ಗಮನಿಸಿ. 3/4, 0.8, 1½, 2 ಅನ್ನುವ ಕ್ರಮ ತಪ್ಪಿಲ್ಲ. ಅಂದರೆ 3/4ಕ್ಕಿಂತ 0.8 ಸ್ವಲ್ಪ ಜಾಸ್ತಿ ಅಂತ ಅವಳಿಗೆ ಗೊತ್ತಿದೆ. ಭಿನ್ನರಾಶಿಯನ್ನೂ ದಶಮಾಂಶವನ್ನೂ ಹೋಲಿಸುವುದು ಅವಳಿಗೆ ಅಲ್ಲಿ ಸಾಧ್ಯವಾಗಿದೆ. ಪ್ಲಸ್ ಕಡೆ ಒಂದೇ ಒಂದು ಜಾಗ ಅದಲುಬದಲಾಗಿದೆ, 0.6 ಮತ್ತು 0.58. ಇನ್ನು 5/8 ಸರಿಯಾದ ಜಾಗದಲ್ಲೇ ಇದೆ, ಆದರೆ ಅದಕ್ಕೆ ಅವಳು ಕೊಟ್ಟ ಕಾರಣ ತಪ್ಪು. ನನಗೆ ಎಲ್ಲಕ್ಕಿಂತ ಜಾಸ್ತಿ ಕಾಳಜಿ ಇರುವುದು ಇದರ ಬಗ್ಗೆಯೇ. ಪೇಪರ್ ತಿದ್ದುವವರಿಗೆ ಇದು ಕಾಣುವುದೇ ಇಲ್ಲ.

ಒಂದೊಂದಾಗಿ ಹೇಳುತ್ತೇನೆ.

0.6ಕ್ಕಿಂತ 0.58 ದೊಡ್ಡದು ಅಂತ ಯಾಕೆ ಅನ್ನಿಸಿತು? ಪಾಯಿಂಟ್ ಆದಮೇಲಿನ ಅಂಕಿಗಳನ್ನು ಅವಳು ‘ಐವತ್ತೆಂಟು’ ಮತ್ತು ‘ಆರು’ ಅಂತ ಓದಿದ್ದಾಳೆ. ಒಂದನೇ ತರಗತಿಯಿಂದ ಕಲಿತಿದ್ದೇ ಅದು, ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು. ಪೂರ್ಣ ಸಂಖ್ಯೆಗಳಲ್ಲಿ ಆ ನಿಯಮ ಒಂದು ಸಲವೂ ಕೈಕೊಟ್ಟಿಲ್ಲ. ಅದನ್ನೇ ಇಲ್ಲಿಗೂ ತಂದಿದ್ದಾಳೆ. ನಿಜವಾಗಿ 0.6 ಅಂದರೆ ಹತ್ತರಲ್ಲಿ 6 ಭಾಗ, 0.58 ಅಂದರೆ ನೂರರಲ್ಲಿ 58 ಭಾಗ. ಹತ್ತರಲ್ಲಿ 6 ಅಂದರೆ ನೂರರಲ್ಲಿ 60. ಆದ್ದರಿಂದ 0.6 ಅನ್ನು 0.60 ಅಂತ ಬರೆದರೆ ಅನುಮಾನ ಅಲ್ಲೇ ಮುಗಿಯಿತು. ಕೊನೆಗೆ ಸೊನ್ನೆ ಸೇರಿಸಿದರೆ ಬೆಲೆ ಬದಲಾಗುವುದಿಲ್ಲ. ಆದರೆ ಯಾಕೆ ಬದಲಾಗುವುದಿಲ್ಲ ಅಂತ ಅವಳು ಒಂದು ಸಲ ತಾನೇ ಹೇಳಬೇಕು. ಇಲ್ಲದಿದ್ದರೆ ಅದೂ ಮತ್ತೊಂದು ಬಾಯಿಪಾಠ ಆಗುತ್ತದೆ.

ಇದನ್ನು ತಿದ್ದುವಾಗ ಒಂದು ಅಪಾಯ ಇದೆ. ‘ಪಾಯಿಂಟ್ ಆದಮೇಲೆ ಅಂಕಿ ಜಾಸ್ತಿ ಇದ್ದರೆ ಚಿಕ್ಕದು’ ಅಂತ ಕೆಲವು ಮಕ್ಕಳು ಹೊಸ ನಿಯಮ ಮಾಡಿಕೊಳ್ಳುತ್ತಾರೆ. ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು, ಹಾಗಾಗಿ 0.35 ಕೂಡ 0.2ಕ್ಕಿಂತ ಚಿಕ್ಕದು ಅನ್ನುವುದು ಅವರ ವಾದ. ಇಂಥ ಮಗು 0.4 ಮತ್ತು 0.125 ಕೊಟ್ಟರೆ 0.4 ದೊಡ್ಡದು ಅಂತ ಸರಿಯಾಗಿಯೇ ಹೇಳುತ್ತದೆ. ನೀವು ಖುಷಿಪಡುತ್ತೀರಿ. ಆದರೆ ಒಳಗೆ ತಪ್ಪು ನಿಯಮ ಹಾಗೇ ಇರುತ್ತದೆ. ಅದಕ್ಕೇ ಎರಡೂ ಬಗೆಯ ಜೋಡಿ ಕೇಳಬೇಕು. 0.4 ಮತ್ತು 0.125 ಕೇಳಿ, ಕೂಡಲೇ 0.2 ಮತ್ತು 0.35 ಕೇಳಿ. ಎರಡಕ್ಕೂ ಸರಿ ಉತ್ತರ ಬಂದು, ‘ಮೊದಲು ಹತ್ತನೇ ಸ್ಥಾನ ನೋಡಿದೆ’ ಅಂತ ಕಾರಣ ಬಂದರೆ ಸ್ಥಾನಬೆಲೆ ಗೊತ್ತಿದೆ ಅಂತ ನಂಬಬಹುದು.

ಇನ್ನು 5/8 ಮತ್ತು 0.58. ಇದನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಮಗುವಿನ ಕಣ್ಣಿಗೆ 5 ಇದೆ, 8 ಇದೆ, ನಡುವೆ ಏನೋ ಒಂದು ಗುರುತು ಇದೆ. ಭಿನ್ನರಾಶಿಯಲ್ಲಿ ಅದು ಗೆರೆ, ದಶಮಾಂಶದಲ್ಲಿ ಚುಕ್ಕಿ. ಹಾಗಾಗಿ ಎರಡೂ ಒಂದೇ ಅಂದುಕೊಳ್ಳುತ್ತದೆ. ಕೆಲವರು 5/8 ಅನ್ನು 5.8 ಅಂತಲೂ ಬರೆಯುತ್ತಾರೆ. ಅಂದರೆ 5/8 ಅವರಿಗೆ ಇನ್ನೂ ಒಂದು ಸಂಖ್ಯೆ ಆಗಿಲ್ಲ, ಎರಡು ಸಂಖ್ಯೆಗಳಾಗಿ ಉಳಿದಿದೆ. ಇಲ್ಲಿ ಭಾಗಾಕಾರ ಹೇಳಿಕೊಡುವುದಕ್ಕೆ ಮೊದಲು ಒಂದು ಪ್ರಶ್ನೆ ಕೇಳಿ: ‘5/8 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ? ಎಷ್ಟು ಜಾಸ್ತಿ?’ ಎಂಟರ ಅರ್ಧ 4. ಆದ್ದರಿಂದ 4/8 ಅಂದರೆ ಅರ್ಧ, 5/8 ಅಂದರೆ ಅರ್ಧದ ಮೇಲೆ ಇನ್ನೊಂದು 1/8. ಅರ್ಧ 0.5. ಕಾಲು 0.25, ಅದರಲ್ಲಿ ಅರ್ಧ 1/8, ಅಂದರೆ 0.125. ಕೂಡಿದರೆ 0.625. ಈ ದಾರಿಯಲ್ಲಿ ಬಂದರೆ 0.625 ಎಲ್ಲಿಂದ ಬಂತು ಅಂತ ಅವಳಿಗೆ ಕಾಣುತ್ತದೆ. 5 ಭಾಗಿಸು 8 ಅಂತ ಸುಮ್ನೆ ಮಾಡಿದರೂ ಅದೇ ಉತ್ತರ ಬರುತ್ತದೆ, ಆದರೆ ಅಲ್ಲಿ ಏನೂ ಕಾಣುವುದಿಲ್ಲ.

ಈಗ ಮೈನಸ್. ಇಲ್ಲಿ ಮಕ್ಕಳು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಅಂದುಕೊಳ್ಳುತ್ತಾರೆ. ಒಂದು, ಈ ಸಂಖ್ಯೆ ಸೊನ್ನೆಯಿಂದ ಎಷ್ಟು ದೂರ ಇದೆ? ಇನ್ನೊಂದು, ಸಂಖ್ಯಾರೇಖೆಯಲ್ಲಿ ಇದು ಎಡಕ್ಕಿದೆಯೋ ಬಲಕ್ಕಿದೆಯೋ? ಪ್ಲಸ್ ಸಂಖ್ಯೆಗಳಲ್ಲಿ ಎರಡಕ್ಕೂ ಉತ್ತರ ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ದೂರ ಜಾಸ್ತಿಯಾದಷ್ಟೂ ಬಲಕ್ಕೆ, ಅಂದರೆ ದೊಡ್ಡದು. ಮೈನಸ್ ಕಡೆ ಬಂದಾಗ ಎರಡೂ ಬೇರೆಯಾಗುತ್ತವೆ. −2 ಸೊನ್ನೆಯಿಂದ −3/4ಕ್ಕಿಂತ ದೂರ, ಆದರೆ ಹೆಚ್ಚು ಎಡಕ್ಕಿದೆ, ಆದ್ದರಿಂದ ಚಿಕ್ಕದು. ನಿಮ್ಮ ಮಗಳು ದೂರದ ಪ್ರಶ್ನೆಗೆ ಸರಿಯಾಗಿ ಉತ್ತರ ಬರೆದಿದ್ದಾಳೆ. ಪರೀಕ್ಷೆಯಲ್ಲಿ ಕೇಳಿದ್ದು ಜಾಗದ ಪ್ರಶ್ನೆ.

ಇದು ದಡ್ಡತನ ಅಲ್ಲ ಅನ್ನುವುದಕ್ಕೆ ಗಣಿತದ ಇತಿಹಾಸವೇ ಸಾಕ್ಷಿ. ಕ್ರಿ.ಶ. 628ರಲ್ಲೇ ಬ್ರಹ್ಮಗುಪ್ತ ಧನ, ಋಣ, ಸೊನ್ನೆ ಮೂರನ್ನೂ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದಿಟ್ಟ. ಆದರೂ ಅದಾಗಿ ಸಾವಿರ ವರ್ಷ ಕಳೆದ ಮೇಲೆ, 17ನೇ ಶತಮಾನದಲ್ಲಿ, ಫ್ರಾನ್ಸಿನ ಆಂಟ್ವಾನ್ ಅರ್ನೋ ಒಂದು ತಕರಾರು ಎತ್ತಿದ. 1 ಮತ್ತು −1ರ ಅನುಪಾತ, −1 ಮತ್ತು 1ರ ಅನುಪಾತ ಎರಡೂ ಸಮ. −1 ಅನ್ನುವುದು 1ಕ್ಕಿಂತ ಚಿಕ್ಕದಾಗಿದ್ದರೆ, ದೊಡ್ಡದು ಚಿಕ್ಕದಕ್ಕೆ ಹೇಗೋ ಚಿಕ್ಕದು ದೊಡ್ಡದಕ್ಕೂ ಹಾಗೇ ಅಂತ ಆಯಿತಲ್ಲ, ಅದು ಹೇಗೆ ಸಾಧ್ಯ ಅಂತ ಕೇಳಿದ. ಅವನಿಗೆ ತೊಡಕಾಗಿದ್ದೂ ಇದೇ, ಅಳತೆ ಮತ್ತು ಜಾಗ ಎರಡನ್ನೂ ಒಂದೇ ಅಂತ ಹಿಡಿದದ್ದು. 1685ರಲ್ಲಿ ಇಂಗ್ಲೆಂಡಿನ ಜಾನ್ ವಾಲಿಸ್ ಇದನ್ನು ಗೆರೆಯ ಮೇಲೆ ತೋರಿಸಿದ. ಒಬ್ಬ ಮನುಷ್ಯ 5 ಗಜ ಮುಂದೆ ಹೋಗಿ 8 ಗಜ ಹಿಂದೆ ಬಂದರೆ ಅವನು ಹೊರಟ ಜಾಗಕ್ಕಿಂತ 3 ಗಜ ಹಿಂದೆ ಇರುತ್ತಾನೆ, ಅದೇ −3. ಇವತ್ತಿಗೂ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಆ ಗೆರೆಯನ್ನು ಮೊದಮೊದಲು ನಿಲ್ಲಿಸಿ ಬರೆಯುವುದು ನನ್ನ ಅಭ್ಯಾಸ, ಥರ್ಮಾಮೀಟರ್ ಹಾಗೆ. ಮೇಲೆ ಹೋದಷ್ಟೂ ಜಾಸ್ತಿ, ಕೆಳಗೆ ಇಳಿದಷ್ಟೂ ಕಡಿಮೆ. ಎಡ ಬಲಕ್ಕಿಂತ ಇದು ಮಕ್ಕಳಿಗೆ ಬೇಗ ಹಿಡಿಸುತ್ತದೆ. ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಬ್ರೋಮಿನ್ −7.2 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುತ್ತದೆ, ಪಾದರಸ −38.83 ಡಿಗ್ರಿಯಲ್ಲಿ. ಸೊನ್ನೆಯಿಂದ ಕೆಳಗೆ ತಂಪು ಮಾಡುತ್ತಾ ಹೋದರೆ ಮೊದಲು ಗಟ್ಟಿಯಾಗುವುದು ಯಾವುದು? ಬ್ರೋಮಿನ್. ಹಾಗಾದರೆ ಯಾವ ಉಷ್ಣತೆ ಜಾಸ್ತಿ? −7.2. ಮಗಳಿಗೆ ಈ ಪ್ರಶ್ನೆ ಕೇಳಿ ನೋಡಿ. ‘ದೊಡ್ಡದು ಯಾವುದು’ ಅಂತ ಕೇಳಿದರೆ ತಪ್ಪು ಹೇಳುವ ಮಕ್ಕಳು ‘ಮೇಲೆ ಇರುವುದು ಯಾವುದು’ ಅಂದರೆ ಸರಿಯಾಗಿ ಹೇಳುತ್ತಾರೆ.

ಅಣ್ಣನ ‘ಎಲ್ಲ ಉಲ್ಟಾ’ ಸೂತ್ರದ ಬಗ್ಗೆ. ಅವನು ಪ್ರೀತಿಯಿಂದ ಹೇಳಿಕೊಟ್ಟಿದ್ದಾನೆ, ಅದರಲ್ಲಿ ಅರ್ಧ ಸತ್ಯವೂ ಇದೆ. ಎರಡೂ ಸಂಖ್ಯೆ ಮೈನಸ್ ಆಗಿದ್ದರೆ ಕ್ರಮ ತಿರುಗುತ್ತದೆ. 3ಕ್ಕಿಂತ 5 ದೊಡ್ಡದು, ಆದ್ದರಿಂದ −5ಕ್ಕಿಂತ −3 ದೊಡ್ಡದು. ಆದರೆ ‘ಎಲ್ಲ’ ಅನ್ನುವುದು ತೊಂದರೆ ಕೊಡುತ್ತದೆ. ಸಾಲಿನಲ್ಲಿ ಎಲ್ಲೋ ಮೈನಸ್ ಕಂಡಿತು ಅಂತ ಇಡೀ ಸಾಲನ್ನೇ ತಿರುಗಿಸುವ ಮಕ್ಕಳಿದ್ದಾರೆ. ಈ ಪ್ರಶ್ನೆಗೇ ಅವರ ಉತ್ತರ −2, −1½, 1, −0.8, −3/4, 5/8, 0.6, 0.58 ಅಂತ ಬರುತ್ತದೆ. ಎರಡು ಮೈನಸ್ ಸಂಖ್ಯೆಗಳ ನಡುವೆ 1 ಕೂತಿದೆ ನೋಡಿ. ನಿಯಮ ನೆನಪಿದೆ, ಯಾವಾಗ ಬಳಸಬೇಕು ಅನ್ನುವುದು ಮಾತ್ರ ಗೊತ್ತಿಲ್ಲ. ಅದಕ್ಕೇ ತಪ್ಪು ನಿಯಮದ ಮೇಲೆ ಇನ್ನೊಂದು ನಿಯಮ ಹೇರಬೇಡಿ ಅಂತ ನಾನು ಹೇಳುವುದು.

ಇದಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿ ಇದೆ, ದಯವಿಟ್ಟು ಇದನ್ನು ಗಮನವಿಟ್ಟು ಓದಿ. −0.6 ಮತ್ತು −0.58 ಕೊಟ್ಟು ಯಾವುದು ದೊಡ್ಡದು ಅಂತ ನಿಮ್ಮ ಮಗಳನ್ನು ಕೇಳಿದ್ದರೆ ಏನಾಗುತ್ತಿತ್ತು? 58 ಅನ್ನುವುದು 6ಕ್ಕಿಂತ ದೊಡ್ಡದು ಅಂತ ಒಂದು ತಪ್ಪು ಮಾಡುತ್ತಿದ್ದಳು. ಮೈನಸ್ ಕಡೆ ಕ್ರಮ ತಿರುಗಿಸದೆ ಇನ್ನೊಂದು ತಪ್ಪು ಮಾಡುತ್ತಿದ್ದಳು. ಎರಡೂ ಸೇರಿ ‘−0.58 ದೊಡ್ಡದು’ ಅನ್ನುವ ಸರಿಯಾದ ಉತ್ತರ ಬರುತ್ತಿತ್ತು! ಪೂರ್ತಿ ಅಂಕ ಸಿಗುತ್ತಿತ್ತು. ಆಮೇಲೆ ನೀವು ದಶಮಾಂಶ ಒಂದನ್ನೇ ತಿದ್ದಿದರೆ, ಮೊದಲು ಸರಿ ಬರುತ್ತಿದ್ದ ಲೆಕ್ಕ ತಪ್ಪಾಗಲು ಶುರುವಾಗುತ್ತದೆ. ‘ಹೇಳಿಕೊಟ್ಟಷ್ಟೂ ಹಾಳಾಗುತ್ತಿದ್ದಾಳೆ’ ಅಂತ ಮನೆಯವರಿಗೆ ಅನ್ನಿಸುತ್ತದೆ. ಹಾಳಾಗಿರುವುದಿಲ್ಲ, ಎರಡು ತಪ್ಪುಗಳಲ್ಲಿ ಒಂದು ಹೋಗಿರುತ್ತದೆ ಅಷ್ಟೇ. ಆದ್ದರಿಂದ ಉತ್ತರ ಸರಿ ಬಂದಾಗಲೂ ‘ಹೇಗೆ ಗೊತ್ತಾಯ್ತು?’ ಅಂತ ಕೇಳಿ. ಬೈಯುವ ದನಿಯಲ್ಲಿ ಬೇಡ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಶಾಲೆಯ ದಾರಿಯೋ, ಅವರ ಅಪ್ಪನ ದಾರಿಯೋ? ಎರಡೂ ಸರಿ. ಎರಡಕ್ಕೂ ತಮ್ಮದೇ ಅಪಾಯಗಳಿವೆ. ಆದರೆ ಯಾವುದನ್ನು ಹಿಡಿಯುವುದಕ್ಕೂ ಮುಂಚೆ ಸಂಖ್ಯೆಗಳನ್ನು ಎರಡು ಗುಂಪು ಮಾಡಬೇಕು, ಮೈನಸ್ ಒಂದು ಕಡೆ, ಪ್ಲಸ್ ಇನ್ನೊಂದು ಕಡೆ. ಸೊನ್ನೆ ಇದ್ದರೆ ಅದು ನಡುವೆ. ಇದಕ್ಕೆ ಲೆಕ್ಕವೇ ಬೇಕಿಲ್ಲ. ಎಂಟು ಸಂಖ್ಯೆಗಳ ಒಂದು ದೊಡ್ಡ ತಲೆನೋವು ನಾಲ್ಕು ನಾಲ್ಕರ ಎರಡು ಸಣ್ಣ ಕೆಲಸ ಆಗುತ್ತದೆ.

ಆಮೇಲೆ ಪ್ರತಿ ಸಂಖ್ಯೆಯೂ ಯಾವ ಎರಡು ಪೂರ್ಣಾಂಕಗಳ ನಡುವೆ ಬರುತ್ತದೆ ಅಂತ ನೋಡಬೇಕು. ಇಲ್ಲಿ ಮಿಶ್ರ ಭಿನ್ನರಾಶಿ ಬಹಳ ಜನರನ್ನು ಎಡವಿಸುತ್ತದೆ. −1½ ಅಂದರೆ −1 ಮತ್ತು ಇನ್ನೂ ಅರ್ಧ ಅದೇ ದಿಕ್ಕಿನಲ್ಲಿ. ಆದ್ದರಿಂದ ಅದು −2 ಮತ್ತು −1ರ ನಡುವೆ ಇದೆ. ಮೈನಸ್ ಗುರುತು 1ಕ್ಕೆ ಮಾತ್ರ, ಅರ್ಧ ಪ್ಲಸ್ ಅಂದುಕೊಂಡು ಅದನ್ನು −1 ಮತ್ತು 0ಯ ನಡುವೆ ಇಡುವ ಮಕ್ಕಳು ಎಷ್ಟೋ ಮಂದಿ. −2.3 ಕೂಡ ಹಾಗೇ, ಅದು −3 ಮತ್ತು −2ರ ನಡುವೆ. ಇದನ್ನು ಗೆರೆಯ ಮೇಲೆ ಅವಳ ಕೈಯಲ್ಲೇ ಗುರುತು ಮಾಡಿಸಿ.

ಮೂರನೆಯದಾಗಿ ಅರ್ಧದ ಜೊತೆ ಹೋಲಿಸುವುದು. 4/9 ಅರ್ಧಕ್ಕಿಂತ ಕಡಿಮೆ, 7/13 ಅರ್ಧಕ್ಕಿಂತ ಜಾಸ್ತಿ, ಯಾಕೆಂದರೆ 9ರ ಅರ್ಧ ನಾಲ್ಕೂವರೆ, 13ರ ಅರ್ಧ ಆರೂವರೆ. ಇವೆರಡನ್ನೂ ಹೋಲಿಸಲು ಛೇದವನ್ನು 117 ಮಾಡುವ ಅಗತ್ಯವೇ ಇಲ್ಲ. ಪರೀಕ್ಷೆಯ ಬಹುಪಾಲು ಸಂಖ್ಯೆಗಳು ಇಷ್ಟರಲ್ಲೇ ತಮ್ಮ ಜಾಗಕ್ಕೆ ಬಂದುಬಿಡುತ್ತವೆ. ತೀರಾ ಹತ್ತಿರ ಇರುವ ಒಂದೆರಡು ಜೋಡಿ ಮಾತ್ರ ಉಳಿಯುತ್ತವೆ. ಲೆಕ್ಕ ಬೇಕಾಗುವುದು ಆಗಲೇ.

ಛೇದ ಸಮ ಮಾಡುವುದು ಯಾವತ್ತೂ ಖಚಿತ. 3/5 ಮತ್ತು 5/8 ತೆಗೆದುಕೊಳ್ಳಿ. ‘ಮೊದಲನೆಯದಕ್ಕೆ ಒಂದಾಗಲು 2 ಭಾಗ ಕಡಿಮೆ, ಎರಡನೆಯದಕ್ಕೆ 3 ಭಾಗ ಕಡಿಮೆ, ಆದ್ದರಿಂದ 3/5 ದೊಡ್ಡದು’ ಅಂತ ಜಾಣ ಮಕ್ಕಳೂ ಹೇಳುತ್ತಾರೆ. ಭಾಗಗಳ ಗಾತ್ರವೇ ಬೇರೆ ಅನ್ನುವುದು ಅಲ್ಲಿ ಮರೆತುಹೋಗಿರುತ್ತದೆ. 40 ಛೇದ ಮಾಡಿದರೆ 24/40 ಮತ್ತು 25/40. 5/8 ದೊಡ್ಡದು. ಕಷ್ಟ ಏನೆಂದರೆ, ಛೇದಗಳು 7, 11, 12 ಹೀಗೆ ಬಂದರೆ ಲ.ಸಾ.ಅ. ದೊಡ್ಡದಾಗಿ, ಗುಣಾಕಾರದಲ್ಲಿ ತಪ್ಪಾಗುವ ಸಂಭವ ಜಾಸ್ತಿ.

ಎರಡೇ ಭಿನ್ನರಾಶಿ ಇದ್ದರೆ ಅಡ್ಡ ಗುಣಾಕಾರ ಬೇಗ ಆಗುತ್ತದೆ. ಆದರೆ ಮೈನಸ್ ಗುರುತನ್ನು ಮೊದಲು ಅಂಶಕ್ಕೆ ತಂದುಕೊಳ್ಳಬೇಕು, ಛೇದ ಪ್ಲಸ್ ಆಗಿರಲೇಬೇಕು. −3/4 ಮತ್ತು −5/7ರಲ್ಲಿ −3 × 7 = −21, −5 × 4 = −20. −21 ಚಿಕ್ಕದು, ಆದ್ದರಿಂದ −3/4 ಚಿಕ್ಕದು. ಗುಣಲಬ್ಧವನ್ನು ಅದರ ಅಂಶದ ಮೇಲೆಯೇ ಬರೆಯುವ ಅಭ್ಯಾಸ ಮಾಡಿಸಿ. ಅತ್ತದ್ದು ಇತ್ತ ಬರೆದು ಉತ್ತರ ಕೆಡಿಸಿಕೊಳ್ಳುವವರು ಜಾಸ್ತಿ.

ದಶಮಾಂಶ ಮಾಡುವುದು ಬೆರಕೆ ಸಾಲುಗಳಿಗೆ ಎಲ್ಲಕ್ಕಿಂತ ಸುಲಭ. ಅವರ ಅಪ್ಪ ಹೇಳಿದ್ದು ಒಳ್ಳೆಯದೇ. ಅಪಾಯ ಇರುವುದು ಮುಗಿಯದ ದಶಮಾಂಶಗಳಲ್ಲಿ. −2/3, −0.67, −0.66 ಮೂರನ್ನು ಕೊಟ್ಟರೆ ಏನಾಗುತ್ತದೆ? ಎರಡು ಸ್ಥಾನಕ್ಕೆ ಸರಿಹೊಂದಿಸಿದರೆ −2/3 ಕೂಡ −0.67 ಆಗಿ, ಎರಡೂ ಸಮ ಅಂತ ಮಗು ಬರೆಯುತ್ತದೆ. ಮುಂದಿನ ಅಂಕಿಗಳನ್ನು ಸುಮ್ನೆ ಕತ್ತರಿಸಿದರೆ −0.66ಕ್ಕೆ ಸಮ ಅನ್ನುತ್ತದೆ. ಎರಡೂ ತಪ್ಪು. 300 ಛೇದ ಮಾಡಿ ನೋಡಿ: −200/300, −201/300, −198/300. ಈಗ ಸ್ಪಷ್ಟ, −0.67 ಎಲ್ಲಕ್ಕಿಂತ ಚಿಕ್ಕದು, ನಡುವೆ −2/3, ದೊಡ್ಡದು −0.66. ಹಾಗಾಗಿ ನನ್ನ ಸಲಹೆ ಇಷ್ಟು. ಮೂರು ಸ್ಥಾನದವರೆಗೆ ದಶಮಾಂಶ ಮಾಡಿ, ಅಷ್ಟರಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಜೋಡಿಗೆ ಮಾತ್ರ ಛೇದ ಸಮ ಮಾಡಿ. ಮೈನಸ್ ಸಂಖ್ಯೆಗಳನ್ನು ಸರಿಹೊಂದಿಸುವಾಗ ಇನ್ನೂ ಎಚ್ಚರ ಬೇಕು. 0.666… ಅನ್ನು 0.67 ಮಾಡಿದರೆ ಬೆಲೆ ಹೆಚ್ಚುತ್ತದೆ, −0.666… ಅನ್ನು −0.67 ಮಾಡಿದರೆ ಬೆಲೆ ಇಳಿಯುತ್ತದೆ.

ಕ್ಯಾಲ್ಕ್ಯುಲೇಟರ್ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲು ಸಂಖ್ಯೆ ಗೆರೆಯ ಮೇಲೆ ಎಲ್ಲಿ ಬರುತ್ತದೆ ಅಂತ ಅಂದಾಜು ಬರೆದು, ಆಮೇಲೆ ಒತ್ತಿ ನೋಡಲಿ. 5/8 ಅರ್ಧಕ್ಕಿಂತ ಸ್ವಲ್ಪ ಮೇಲೆ ಅಂತ ಬರೆದವಳು ಪರದೆಯ ಮೇಲೆ 1.6 ಕಂಡರೆ 8 ಭಾಗಿಸು 5 ಅಂತ ಒತ್ತಿಬಿಟ್ಟೆ ಅಂತ ತಾನೇ ಕಂಡುಕೊಳ್ಳುತ್ತಾಳೆ. ಅಂದಾಜು ಇಲ್ಲದವಳು 1.6 ಅನ್ನೇ ನಂಬುತ್ತಾಳೆ.

ಟ್ಯೂಷನ್ ಈಗ ಬೇಡ. ಅಲ್ಲಿ ಮತ್ತೊಂದು ಸೂತ್ರ, ಇನ್ನಷ್ಟು ಇಂಥದೇ ಲೆಕ್ಕ ಸಿಗುವ ಸಾಧ್ಯತೆ ಜಾಸ್ತಿ. ದಿನಕ್ಕೆ ಹತ್ತು ನಿಮಿಷ ಸಾಕು, ನಾಲ್ಕೈದು ಸಂಖ್ಯೆ ಮಾತ್ರ ಕೊಡಿ. ಮೊದಲ ಕೆಲವು ದಿನ ಬರೀ ಪ್ಲಸ್ ದಶಮಾಂಶಗಳು, ಆಮೇಲೆ ಪ್ಲಸ್ ಭಿನ್ನರಾಶಿ ಸೇರಿಸಿ, ಅದು ಗಟ್ಟಿಯಾದ ಮೇಲೆ ಮೈನಸ್ ಪೂರ್ಣಾಂಕಗಳು, ಕೊನೆಗೆ ಎಲ್ಲ ಬೆರೆಸಿ. ಎರಡೂ ತೊಡಕುಗಳನ್ನು ಒಟ್ಟಿಗೆ ಬಿಡಿಸಲು ಹೋಗಬೇಡಿ. ಒಂದು ತಿಂಗಳ ನಂತರವೂ 0.6 ಮತ್ತು 0.58ರಲ್ಲಿ ತಡವರಿಸುತ್ತಿದ್ದರೆ ಹತ್ತು, ನೂರು, ಸಾವಿರದ ಸ್ಥಾನಬೆಲೆಯಲ್ಲೇ ಎಲ್ಲೋ ಬಿರುಕು ಇದೆ ಅಂತ ಅರ್ಥ. ಆಗ ಅವಳ ಗಣಿತ ಶಿಕ್ಷಕರ ಜೊತೆ ಕೂತು ಮಾತಾಡಿ. ಹೋಗುವಾಗ ಅವಳ ಉತ್ತರಗಳ ಜೊತೆಗೆ, ‘ಹೇಗೆ ಗೊತ್ತಾಯ್ತು?’ ಅಂತ ಕೇಳಿದಾಗ ಅವಳು ಹೇಳಿದ ಮಾತುಗಳನ್ನೂ ಬರೆದುಕೊಂಡು ಹೋಗಿ.